ಚಕಮಕಿ ಕೋವಿ: ಒಂದು ಕ್ಷಣದ ವಿಳಂಬದ ಚರಿತ್ರೆ

ಬೆಂಕಿಪೊಟ್ಟಣ ಹಳ್ಳಿಹಳ್ಳಿಗೂ ಬರುವುದಕ್ಕೆ ಮೊದಲು ನಮ್ಮ ಹಿರಿಯರ ಎಲೆಯಡಿಕೆಯ ಸಂಚಿಯಲ್ಲಿ ಇನ್ನೂ ಮೂರು ವಸ್ತುಗಳಿರುತ್ತಿದ್ದುವು: ಒಂದು ಚಕಮಕಿ ಕಲ್ಲು, ಒಂದು ಉಕ್ಕಿನ ತುಂಡು, ಒಂದಿಷ್ಟು ಅರಳೆ. ಕಲ್ಲಿನ ಚೂಪಾದ ಅಂಚಿಗೆ ಉಕ್ಕನ್ನು ಗೀರಿದರೆ ಕಿಡಿ ಸಿಡಿಯುತ್ತಿತ್ತು; ಅದನ್ನು ಅರಳೆಯಲ್ಲಿ ಹಿಡಿದು ಊದಿದರೆ ಬೆಂಕಿ. ಕಿಡಿ ಕಲ್ಲಿನಿಂದ ಬರುತ್ತದೆಂಬುದು ಸಾಮಾನ್ಯವಾದ ನಂಬಿಕೆ. ವಾಸ್ತವವಾಗಿ ಕಲ್ಲು ಉಕ್ಕಿಗಿಂತ ಗಟ್ಟಿಯಾದುದರಿಂದ ಅದು ಉಕ್ಕಿನ ಅತಿ ಸಣ್ಣ ಹೆರೆಗಳನ್ನು ಕೆತ್ತಿ ತೆಗೆಯುತ್ತದೆ. ಆ ಹೆರೆಗಳೇ ಗಾಳಿಯಲ್ಲಿ ಉರಿದು ನಮ್ಮ ಕಣ್ಣಿಗೆ ಕಿಡಿಯಾಗಿ ಕಾಣುತ್ತವೆ. ಈ ಸರಳ ಉಪಾಯವನ್ನೇ ಕೋವಿಯ ಪಕ್ಕೆಗೆ ಜೋಡಿಸಿದಾಗ ಹುಟ್ಟಿದ್ದು ಚಕಮಕಿ ಕೋವಿ. ಎರಡು ಶತಮಾನಗಳಿಗೂ ಮಿಕ್ಕಿ ಜಗತ್ತಿನ ಸೈನ್ಯಗಳೂ ಬೇಟೆಗಾರರೂ ನೆಚ್ಚಿಕೊಂಡಿದ್ದುದು ಇದನ್ನೇ.

ಇಂದು ಅದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ ಇರಬೇಕಾದ ಪದಾರ್ಥವೆಂದು ನಾವು ಭಾವಿಸುತ್ತೇವೆ. ಆದರೆ ಅಮೆರಿಕ ದೇಶದಲ್ಲಿ ಸಾವಿರಾರು ಜನರು ಇಂದಿಗೂ ಇಂಥ ಕೋವಿಯ ಬಿಡಿಭಾಗಗಳನ್ನು ತರಿಸಿಕೊಂಡು, ತಿಂಗಳುಗಟ್ಟಲೆ ಅರ ಹಿಡಿದು ತಿಕ್ಕಿ, ತಾವೇ ಜೋಡಿಸಿ, ಅದನ್ನು ಹೊತ್ತು ಟರ್ಕಿ ಕೋಳಿಯನ್ನೋ ಕಾಡುಬಾತನ್ನೋ ಅರಸಿ ಹೋಗುತ್ತಾರೆ. ಅಂಗಡಿಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಈಡು ಹಾರಿಸುವ ಕೋವಿಗಳು ಸಿಗುವಾಗ ಈ ನಿಧಾನದ ಕೋವಿ ಏಕೆ? ಹುಚ್ಚೋ, ಹವ್ಯಾಸವೋ, ಅಥವಾ ಅದರ ಹಿಂದೆ ನಾವೂ ಗಮನಿಸಬೇಕಾದ ಒಂದು ವಿಚಾರವಿದೆಯೋ? ಈ ಪ್ರಶ್ನೆಗೆ ಉತ್ತರ ಆ ಕೋವಿಯ ಚರಿತ್ರೆಯಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಓದುಗ ಮಿತ್ರರು ಸ್ವಲ್ಪ ತಾಳ್ಮೆಯಿಂದ ಜೊತೆಗೆ ಬರಬೇಕೆಂದು ಕೋರುತ್ತೇನೆ.

ಮೊದಲು ಅದು ಕೆಲಸಮಾಡುವ ಬಗೆಯನ್ನು ತಿಳಿಯೋಣ. ಕೋವಿಯ ಬಾಯಿಯಿಂದ ಮದ್ದು ಸುರಿದು, ಅದರ ಮೇಲೆ ಒತ್ತಡದ ಬಿರಟೆ ಇಟ್ಟು, ಗಜದಿಂದ ಜಡಿದು, ಆಮೇಲೆ ಸೀಸದ ಚರೆ ಹಾಕಿ, ಅದು ಉದುರದಂತೆ ಮತ್ತೊಂದು ತೆಳುವಾದ ಬಿರಟೆಯಿಂದ ಮುಚ್ಚುತ್ತಾರೆ. ನಳಿಗೆಯ ಬುಡದಲ್ಲಿ, ಪಕ್ಕದಲ್ಲಿ, ಸೂಜಿಯಂಥ ಒಂದು ರಂಧ್ರ. ಅದರ ಹೊರಬದಿಗೆ ಒಂದು ಪುಟ್ಟ ಬಟ್ಟಲು. ಈ ಬಟ್ಟಲಿಗೆ ಹಾಕುವ ನುಣುಪಾದ ಮದ್ದಿಗೆ ನಮ್ಮಲ್ಲಿ ರಂಜಕವೆಂದು ಹೆಸರು. ಬಟ್ಟಲ ಮೇಲೆ ಉಕ್ಕಿನ ಒಂದು ಮುಚ್ಚಳ. ಅದರ ಎದುರಿಗೆ, ದವಡೆಯಲ್ಲಿ ಚಕಮಕಿ ಕಲ್ಲನ್ನು ಕಚ್ಚಿಕೊಂಡು ನಿಂತ ‘ಕುದುರೆ’. ಟ್ರಿಗರ್ ಎಳೆದೊಡನೆ ಕುದುರೆ ಮುಂದಕ್ಕೆ ಬಡಿಯುತ್ತದೆ, ಕಲ್ಲು ಉಕ್ಕನ್ನು ಕೆರೆಯುತ್ತದೆ, ಮುಚ್ಚಳ ಹಿಂದಕ್ಕೆ ತೆರೆದುಕೊಳ್ಳುತ್ತದೆ, ಕಿಡಿ ರಂಜಕಕ್ಕೆ ಬೀಳುತ್ತದೆ, ರಂಜಕದ ಉರಿ ರಂಧ್ರದ ಮೂಲಕ ಒಳಗಿನ ಮದ್ದಿಗೆ ತಾಗುತ್ತದೆ. ಆಮೇಲೆ ಈಡು. ಕಲ್ಲು, ಕುದುರೆ, ಮುಚ್ಚಳ, ಬಟ್ಟಲು ಇವೆಲ್ಲವೂ ಸೇರಿದ ಯಂತ್ರಭಾಗಕ್ಕೆ ಲಾಕ್ ಎಂದು ಹೆಸರು.

ಇಷ್ಟೂ ಕ್ರಿಯೆಗಳು ಒಂದರ ಹಿಂದೆ ಒಂದು ನಡೆಯಬೇಕು. ಚೆನ್ನಾಗಿ ಮಾಡಿದ ಲಾಕ್‌ನಲ್ಲಿ ಇದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗವೂ ಬೇಕಾಗದು. ಆದರೂ ಅದು ವಿಳಂಬವೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಾರುವ ಬಾತು ಸೆಕೆಂಡಿನ ಹದಿನೈದನೆಯ ಒಂದು ಭಾಗದಲ್ಲಿ ಒಂದು ಮೀಟರಿಗೂ ಮಿಕ್ಕಿ ಮುಂದೆ ಸಾಗಿರುತ್ತದೆ. ಆದ್ದರಿಂದ ಚಕಮಕಿ ಕೋವಿಯ ಬೇಟೆಗಾರನು ಟ್ರಿಗರ್ ಎಳೆದ ಮೇಲೂ ಕಣ್ಣೆದುರಿನಲ್ಲೇ ಭಗ್ಗೆನ್ನುವ ಉರಿಗೆ ಬೆಚ್ಚದೆ, ಹಕ್ಕಿಯ ಗತಿಯೊಡನೆ ನಳಿಗೆಯನ್ನು ಸಾಗಿಸುತ್ತಲೇ ಇರಬೇಕು. ಮನಸ್ಸಿನ ನಿರ್ಧಾರಕ್ಕೂ ಅದರ ಫಲಕ್ಕೂ ನಡುವೆ ಒಂದು ಕ್ಷಣದ ಅಂತರ. ಕೋವಿಯ ಚರಿತ್ರೆಯೆಂದರೆ ಈ ಅಂತರವನ್ನು ಅಳಿಸಿಹಾಕಲು ಮನುಷ್ಯನು ಪಟ್ಟ ಪಾಡಿನ ಚರಿತ್ರೆ ಎಂದರೂ ತಪ್ಪಾಗದು.

ಇದಕ್ಕೂ ಹಿಂದಿನದು ಬತ್ತಿಯ ಕೋವಿ. ಸದಾ ಹೊಗೆಯಾಡುವ ಹುರಿಯನ್ನು ಬಟ್ಟಲಿಗೆ ತಾಗಿಸಿ ಹಾರಿಸುವುದು. ಹುರಿಯ ವಾಸನೆಗೆ ಮಿಗ ಓಡುತ್ತಿತ್ತು, ಕತ್ತಲಲ್ಲಿ ಕೆಂಡ ಕಾಣುತ್ತಿತ್ತು, ಮಳೆ ಬಂದರೆ ಎಲ್ಲವೂ ಮುಗಿಯುತ್ತಿತ್ತು. 1610ರ ಸುಮಾರಿಗೆ ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಲಿಸಿಯೂ ಊರಿನ ಮಾರಾಂ ಲ ಬೂರ್ಜ್ವಾ ಎಂಬ ಕುಶಲಕರ್ಮಿಯು ಅದುವರೆಗಿದ್ದ ಬೇರೆ ಬೇರೆ ಉಪಾಯಗಳನ್ನು ಒಟ್ಟುಗೂಡಿಸಿ ನಿಜವಾದ ಚಕಮಕಿ ಲಾಕ್‌ಗೆ ರೂಪ ಕೊಟ್ಟನೆಂದು ವಿದ್ವಾಂಸರು ಹೇಳುತ್ತಾರೆ. ಇವನು ಕೋವಿ ಮಾಡುವವನು ಮಾತ್ರವಲ್ಲ, ಚಿತ್ರಕಾರನೂ ವಾದ್ಯ ತಯಾರಕನೂ ಆಗಿದ್ದ ಎಂಬುದು ಗಮನಾರ್ಹ. ನಾಜೂಕಾದ ಕೈಗೆಲಸ ಬಲ್ಲವನೇ ಇದನ್ನು ಸಾಧಿಸಬೇಕಾಯಿತು.

ಫ್ರೆಂಚರಿಂದ ಇಂಗ್ಲಿಷರಿಗೆ ಇದು ಬಂದಾಗ ಬೇಟೆಯ ರೀತಿಯೇ ಬದಲಾಯಿತು. ಅದಕ್ಕೆ ಮೊದಲು ನೆಲದ ಮೇಲೋ ನೀರಿನ ಮೇಲೋ ಕುಳಿತ ಹಕ್ಕಿಯನ್ನು ಮರೆಯಿಂದ ಹೊಡೆಯುವುದೇ ರೂಢಿ. 1660ರಲ್ಲಿ ಎರಡನೆಯ ಚಾರ್ಲ್ಸ್ ದೊರೆ ದೇಶಾಂತರದಿಂದ ಹಿಂದಿರುಗಿದಾಗ, ಅವನ ಜೊತೆಗಿದ್ದ ಶ್ರೀಮಂತರು ಹಾರುವ ಹಕ್ಕಿಯನ್ನು ಹೊಡೆಯುವ ಫ್ಯಾಷನ್ನನ್ನು ತಂದರು. ಬೆನ್ನಿಗೇ ಕಾನೂನೂ ಬಂತು. 1671ರ ಬೇಟೆ ಕಾಯಿದೆಯ ಪ್ರಕಾರ ವರ್ಷಕ್ಕೆ 100 ಪೌಂಡ್ ಉತ್ಪತ್ತಿಯ ಸ್ವಂತ ಭೂಮಿಯುಳ್ಳವನಿಗೇ ಮುಖ್ಯವಾಗಿ ಬೇಟೆಯ ಅಧಿಕಾರ. ಬಡ ರೈತನು ತನ್ನ ಹೊಲದ ಪೈರನ್ನು ತಿನ್ನುವ ಗೌಜಲಹಕ್ಕಿಯನ್ನೂ ಮುಟ್ಟುವಂತಿರಲಿಲ್ಲ. 1723ರಲ್ಲಿ ‘ಬ್ಲಾಕ್ ಆಕ್ಟ್’ ಎಂದು ಹೆಸರಾದ ಶಾಸನವು ಮುಖಕ್ಕೆ ಮಸಿ ಬಳಿದುಕೊಂಡು ಕಾಡಿಗೆ ಹೋಗುವ ಕಳ್ಳಬೇಟೆಗಾರರಿಗೆ ಮರಣದಂಡನೆಯನ್ನೇ ವಿಧಿಸಿತು. 1831ರವರೆಗೆ ಭೂಮಿಯ ಈ ಅರ್ಹತೆ ಉಳಿದಿತ್ತು. ಅಂದವಾದ ಹಕ್ಕಿಕೋವಿಯ ಹಿಂದೆ ಇಂಥ ಅನ್ಯಾಯವೂ ಇತ್ತೆಂಬುದನ್ನು ಮರೆಯಬಾರದು.

ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಕೋವಿ ತನ್ನ ಪರಿಪೂರ್ಣತೆಯನ್ನು ಮುಟ್ಟಿತು. 1782ರಲ್ಲಿ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ ಎಂಬ ಕೊಳಾಯಿ ಕೆಲಸದವನು ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬೀಳಿಸಿ ಗುಂಡನೆಯ ಚರೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಬೀಳುವಾಗ ಸೀಸದ ಹನಿಯು ಮಳೆಹನಿಯಂತೆ ತಾನಾಗಿ ದುಂಡಗಾಗಿ ಗಟ್ಟಿಯಾಗುತ್ತದೆ. ಇದಕ್ಕಾಗಿ ಅವನು ತನ್ನ ಮನೆಯನ್ನೇ ಗೋಪುರವಾಗಿಸಿಕೊಂಡನಂತೆ. 1787ರಲ್ಲಿ ಹೆನ್ರಿ ನಾಕ್ ನಳಿಗೆಯ ಬುಡವನ್ನು ಹೊಸ ರೀತಿಯಲ್ಲಿ ರಚಿಸಿ, ಮದ್ದು ಬೇಗ ಹೊತ್ತಿಕೊಳ್ಳುವಂತೆ ಮಾಡಿದ. ಅದರಿಂದ ನಾಲ್ಕಡಿ ಮೀರಿದ ಉದ್ದನೆಯ ನಳಿಗೆಗಳ ಅಗತ್ಯ ಕಡಮೆಯಾಗಿ ಹಗುರವಾದ ಕೋವಿಗಳು ಬಂದುವು. ಜೋಸೆಫ್ ಮ್ಯಾಂಟನ್ ಜೋಡುನಳಿಗೆಯ ಚಕಮಕಿ ಕೋವಿಯನ್ನು ಕಲಾಕೃತಿಯ ಮಟ್ಟಕ್ಕೆ ಏರಿಸಿದ. ಇಂಗ್ಲೆಂಡಿನ ಸಫೊಕ್ ಪ್ರಾಂತದ ಬ್ರಾಂಡನ್ ಊರಿನ ಕಪ್ಪು ಕಲ್ಲು, ಫ್ರಾನ್ಸಿನ ಜೇನುಬಣ್ಣದ ಕಲ್ಲು ಇವೆರಡೂ ಕೋವಿಗೆ ಶ್ರೇಷ್ಠವೆನಿಸಿದ್ದುವು. ಬ್ರಾಂಡನ್ನಿನಲ್ಲಿ ಕಲ್ಲು ಒಡೆಯುವ ಕಸುಬು ತಲೆಮಾರುಗಳ ಕಾಲ ನಡೆಯಿತು.

ಈ ಚರಿತ್ರೆಯಲ್ಲಿ ನಮ್ಮ ದೇಶದ ಪಾಲೂ ಉಂಟು. ಕೋವಿಮದ್ದಿನಲ್ಲಿ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು. ಉಳಿದದ್ದು ಇದ್ದಿಲು ಮತ್ತು ಗಂಧಕ. ಆ ಪೆಟ್ಲುಪ್ಪು ಹೇರಳವಾಗಿ ದೊರೆಯುತ್ತಿದ್ದುದು ಬಿಹಾರದ ಮಣ್ಣಿನಲ್ಲಿ. ನೂನಿಯಾ ಜನರು ಹಳ್ಳಿಗಳ ಹಳೆಯ ಮಣ್ಣನ್ನು ಕೆರೆದು, ನೀರಿನಲ್ಲಿ ಸೋಸಿ, ಕುದಿಸಿ ಅದನ್ನು ತೆಗೆಯುತ್ತಿದ್ದರು. ಪ್ಲಾಸಿ ಕದನದ ಮರುವರ್ಷ, ಎಂದರೆ 1758ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಬಿಹಾರದ ಪೆಟ್ಲುಪ್ಪಿನ ಏಕಸ್ವಾಮ್ಯವನ್ನು ಪಡೆದುಕೊಂಡಿತು. ಇಂಗ್ಲಿಷ್ ಜಮೀನ್ದಾರನೊಬ್ಬ ತನ್ನ ತೋಪಿನಲ್ಲಿ ಹಕ್ಕಿ ಹೊಡೆದಾಗ ಎದ್ದ ಹೊಗೆಯಲ್ಲಿ ಬಿಹಾರದ ಬಡವನ ಬೆವರಿನ ಪಾಲೂ ಇರುತ್ತಿತ್ತು.

ನಮ್ಮ ಶ್ರೀರಂಗಪಟ್ಟಣದಲ್ಲಿಯೂ ಉತ್ತಮವಾದ ಚಕಮಕಿ ಕೋವಿಗಳು ತಯಾರಾಗುತ್ತಿದ್ದುವು. ಟಿಪ್ಪುಸುಲ್ತಾನನಿಗಾಗಿ ಮಾಡಿದ ಬೇಟೆಕೋವಿಗಳು ಹುಲಿಪಟ್ಟೆಯ ಲಾಂಛನವನ್ನೂ ಹುಲಿಮುಖದ ಅಲಂಕಾರವನ್ನೂ ಹೊತ್ತಿವೆ; ಅವನೇ ಜಾರಿಗೆ ತಂದ ಮೌಲೂದಿ ಪಂಚಾಂಗದ ವರ್ಷವನ್ನು ಅವುಗಳ ಮೇಲೆ ಕೆತ್ತಲಾಗಿದೆ. 1799ರ ಮೇ 4ರಂದು ಕೋಟೆ ಬಿದ್ದಾಗ ಅವು ಲೂಟಿಯಾಗಿ ಕಡಲು ದಾಟಿದುವು. ಕೆಲವು ಇಂದು ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿವೆ. ಸೈನ್ಯದ ಕೋವಿ ಲಕ್ಷಗಟ್ಟಲೆ ಒಂದೇ ಅಚ್ಚಿನದು. ಬೇಟೆಯ ಕೋವಿಯಲ್ಲಿ ಮಾತ್ರ ಮಾಡಿದವನ ಕೈಯೂ ಮಾಡಿಸಿದವನ ಮನಸ್ಸೂ ಕಾಣುತ್ತದೆ.

ಇಷ್ಟಾದರೂ ಈ ಕೋವಿಯ ದೊಡ್ಡ ಶತ್ರು ನೀರು. ಹೈಸ್ಕೂಲಿನಲ್ಲಿ ಪ್ಲಾಸಿ ಕದನದ ಪಾಠ ಮಾಡುವಾಗ ಪ್ರತಿವರ್ಷವೂ ಈ ಮಾತು ಬರುತ್ತಿತ್ತು: 1757ರ ಜೂನ್ 23ರ ಮಧ್ಯಾಹ್ನ ಸುರಿದ ಮಳೆಗೆ ನವಾಬನ ಮದ್ದು ತೊಯ್ದುಹೋಯಿತು, ಕ್ಲೈವನ ಕಡೆಯವರು ತಮ್ಮ ಮದ್ದನ್ನು ಟಾರ್ಪಾಲಿನಿಂದ ಮುಚ್ಚಿ ಕಾಪಾಡಿಕೊಂಡರು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಒಣಗೋವರೆಗೆ ಎರಡು ಕಡೆಯವರೂ ಕಾಯಬಹುದಿತ್ತಲ್ಲ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದಲ್ಲ. ಕಾಯುವುದನ್ನು ಮನುಷ್ಯ ಎಲ್ಲಿ ಸಹಿಸಿಕೊಂಡಿದ್ದಾನೆ?

ಇಂಗ್ಲಿಷ್ ಭಾಷೆಯಲ್ಲಿ ಈ ಕೋವಿಯ ನೆನಪು ನುಡಿಗಟ್ಟುಗಳಾಗಿ ಉಳಿದಿದೆ. ರಂಜಕ ಮಾತ್ರ ಉರಿದು ಒಳಗಿನ ಮದ್ದು ಹೊತ್ತದಿದ್ದರೆ ಅದು ‘ಫ್ಲ್ಯಾಶ್ ಇನ್ ದ ಪ್ಯಾನ್’. ಆರಂಭದಲ್ಲಿ ಮಿಂಚಿ ಆಮೇಲೆ ಏನೂ ಆಗದವರಿಗೆ ಈ ಮಾತು ಸಲ್ಲುತ್ತದೆ. ‘ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್’ ಎಂದರೆ ಲಾಕ್, ಮರದ ಹಿಡಿ, ನಳಿಗೆ ಮೂರೂ ಸೇರಿ, ಅರ್ಥಾತ್ ಸರ್ವಸ್ವವೂ. ಈ ಮಾತುಗಳನ್ನು ನಿತ್ಯ ಬಳಸುವವರಲ್ಲಿ ಎಷ್ಟು ಮಂದಿಗೆ ಮೂಲ ತಿಳಿದಿದೆಯೋ ಕಾಣೆ.

ಇನ್ನು ಆ ಒಂದು ಕ್ಷಣವನ್ನು ಅಳಿಸಿದವನ ಕಥೆ. ಸ್ಕಾಟ್ಲೆಂಡಿನ ಅಬರ್ಡೀನ್ ಪ್ರಾಂತದಲ್ಲಿ ಬೆಲ್‌ಹೆಲ್ವಿ ಎಂಬ ಕಡಲತೀರದ ಹಳ್ಳಿ. ಅಲ್ಲಿನ ಚರ್ಚಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ (1768–1843) ರಸಾಯನಶಾಸ್ತ್ರದಲ್ಲಿ ಆಸಕ್ತಿಯುಳ್ಳವನು, ಬಾತುಗಳ ಬೇಟೆಯಲ್ಲಿ ಇನ್ನೂ ಹೆಚ್ಚಿನ ಆಸಕ್ತಿಯುಳ್ಳವನು. ರಂಜಕದ ಮಿಂಚನ್ನು ಕಂಡೊಡನೆ ಬಾತುಗಳು ಚರೆ ತಲಪುವ ಮುನ್ನವೇ ನೀರಿನಲ್ಲಿ ಮುಳುಗಿಬಿಡುತ್ತಿದ್ದುವು. ಇದರಿಂದ ರೋಸಿದ ಪಾದ್ರಿಯು ಕಿಡಿಯೂ ಬಟ್ಟಲೂ ಬೇಡದ, ಹೊಡೆತ ಬಿದ್ದ ಮಾತ್ರಕ್ಕೆ ಸಿಡಿಯುವ ರಾಸಾಯನಿಕ ಪುಡಿಯಿಂದ ಮದ್ದು ಹೊತ್ತಿಸುವ ಲಾಕ್ ಒಂದನ್ನು ರಚಿಸಿದ. 1806ರಲ್ಲಿ ಲಾರ್ಡ್ ಮೊಯಿರಾ ಅವನಿಗೆ ಲಂಡನ್ ಟವರಿನಲ್ಲಿ ಪ್ರಯೋಗ ನಡೆಸಲು ಅವಕಾಶ ಕೊಟ್ಟ. ಈ ಮೊಯಿರಾ ಬೇರಾರೂ ಅಲ್ಲ, ಮುಂದೆ ಮಾರ್ಕ್ವಿಸ್ ಆಫ್ ಹೇಸ್ಟಿಂಗ್ಸ್ ಎಂಬ ಹೆಸರಿನಿಂದ ನಮ್ಮ ದೇಶದ ಗವರ್ನರ್ ಜನರಲ್ ಆಗಿ, ಪೇಶ್ವೆಯ ಆಳ್ವಿಕೆಯನ್ನು ಕೊನೆಗಾಣಿಸಿದವನು. ಅವನ ಜಾಗಕ್ಕೆ ಬಂದ ಲಾರ್ಡ್ ಚಾಥಮ್ ಪಾದ್ರಿಯನ್ನು ಅಲ್ಲಿಂದ ಹೊರಡಿಸಿದ. ಫೋರ್ಸೈತ್ 1807ರ ಏಪ್ರಿಲ್‌ನಲ್ಲಿ ತನ್ನ ಹೆಸರಿನಲ್ಲಿ ಪೇಟೆಂಟ್ ಪಡೆದುಕೊಂಡ.

ಮುಂದೆ ಹಲವರ ಕೈಯಲ್ಲಿ ಸುಧಾರಿಸಿ ಇದು ತಾಮ್ರದ ಕೇಪಿನ ರೂಪ ತಳೆಯಿತು. 1834ರಲ್ಲಿ ವೂಲಿಚ್‌ನಲ್ಲಿ ಎರಡೂ ಬಗೆಯ ಕೋವಿಗಳಿಂದ ತಲಾ 6,000 ಈಡು ಹಾರಿಸಿ ಪರೀಕ್ಷಿಸಿದಾಗ ಚಕಮಕಿ ಕೋವಿ 922 ಬಾರಿ ಹಾರದೆ ಹೋಯಿತು. ಕೇಪಿನ ಕೋವಿ 36 ಬಾರಿ ಮಾತ್ರ. ಅಂಕಿಗಳೇ ಎಲ್ಲವನ್ನೂ ಹೇಳುತ್ತವೆ. 1841ರ ಮೇ ತಿಂಗಳಿನಲ್ಲಿ, ಮೊದಲನೆಯ ಅಫೀಮು ಯುದ್ಧದ ಕಾಲದಲ್ಲಿ, ಚೀನದ ಕ್ಯಾಂಟನ್ ಹೊರವಲಯದಲ್ಲಿ 37ನೆಯ ಮದ್ರಾಸ್ ದೇಶೀ ಪದಾತಿದಳದ ಒಂದು ತುಕಡಿ ಜಡಿಮಳೆಯಲ್ಲಿ ಸಿಕ್ಕಿಕೊಂಡಿತು. ಚಕಮಕಿ ಕೋವಿಗಳು ಹಾರಲಿಲ್ಲ. ಈಟಿ, ದೊಣ್ಣೆ ಹಿಡಿದ ಸಾವಿರಾರು ಹಳ್ಳಿಗರು ಸುತ್ತುವರಿದರು. ದಕ್ಷಿಣ ಭಾರತದ ಆ ಸಿಪಾಯಿಗಳನ್ನು ಕೊನೆಗೆ ಬಿಡಿಸಿ ತಂದವರು ಕೇಪಿನ ಕೋವಿ ಹಿಡಿದ ಮರೀನ್ ಸೈನಿಕರು. ಬಾತು ಮುಳುಗದಿರಲೆಂದು ಪಾದ್ರಿಯೊಬ್ಬ ಮಾಡಿದ ಉಪಾಯ ಹೀಗೆ ಮೂವತ್ತೈದು ವರ್ಷಗಳೊಳಗೆ ಸಾಮ್ರಾಜ್ಯದ ಆಯುಧವಾಯಿತು.

ನಮ್ಮ ಮಲೆನಾಡಿನ ಮನೆಗಳ ಗೋಡೆಯ ಗೂಟಕ್ಕೆ ತೂಗುತ್ತಿದ್ದ ‘ಕೇಪಿನ ಕೋವಿ’ ಈ ಪಾದ್ರಿಯ ಉಪಾಯದ ಸಂತಾನ. ಮದ್ದು ಸುರಿದು, ತೆಂಗಿನ ಕತ್ತ ತುರುಕಿ, ಗಜ ಜಡಿದು, ಚರೆ ಹಾಕಿ ಈಡು ತುಂಬುತ್ತಿದ್ದ ಹಿರಿಯರನ್ನು ನನ್ನ ತಲೆಮಾರಿನವರು ಕಂಡಿದ್ದೇವೆ. ಗದ್ದೆಗೆ ಬರುವ ಹಂದಿಯ ಕಾಟಕ್ಕೆಂದು ಇಟ್ಟುಕೊಂಡಿದ್ದ ಆ ಕೋವಿಯಲ್ಲಿ ಒಂದೇ ಈಡು. ತಪ್ಪಿದರೆ ಅಂದಿಗೆ ಮುಗಿಯಿತು. “ಕಂಡಿದ್ದಕ್ಕೆಲ್ಲ ಹೊಡೀಬಾರ್ದು ಮಗಾ, ಬಿದ್ದೇ ಬೀಳ್ತದೆ ಅನ್ನೋದಕ್ಕೆ ಹೊಡೀಬೇಕು” ಎಂದು ನೆರೆಮನೆಯ ಅಜ್ಜಯ್ಯನೊಬ್ಬರು ಹೇಳುತ್ತಿದ್ದ ಮಾತು ನನಗಿನ್ನೂ ನೆನಪಿದೆ. ಒಂದೇ ಈಡಿನ ಕೋವಿ ಕಲಿಸಿದ ಪಾಠ ಅದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೋಟದ ಕೋವಿ ಬಂದ ಮೇಲೆ ಆ ಪಾಠವೂ ಬೇಡವಾಯಿತು. ಬಾಯಿಯಿಂದ ತುಂಬುವ ಕೆಲಸವೇ ಇಲ್ಲ. ಬುಡ ತೆರೆದು ತೋಟ ಇಟ್ಟು ಮುಚ್ಚಿದರೆ ಸಾಕು. ಫಲವೇನು? 1888ರ ಆಗಸ್ಟ್ 30ರಂದು ಇಂಗ್ಲೆಂಡಿನ ಬ್ಲಬರ್‌ಹೌಸಸ್ ಎಂಬಲ್ಲಿ ಲಾರ್ಡ್ ವಾಲ್ಸಿಂಗ್‌ಹ್ಯಾಮ್ ಒಬ್ಬನೇ ಒಂದೇ ದಿನದಲ್ಲಿ 1,070 ಗ್ರೌಸ್ ಹಕ್ಕಿಗಳನ್ನು ಕೊಂದ. ಸ್ಥಳೀಯ ಸ್ವರಾಜ್ಯದ ಪಿತಾಮಹನೆಂದು ನಾವು ಗೌರವಿಸುವ ವೈಸ್‌ರಾಯ್ ಲಾರ್ಡ್ ರಿಪ್ಪನ್ನನ ಮಗ, ಎರಡನೆಯ ಮಾರ್ಕ್ವಿಸ್ (1852–1923), ತನ್ನ ಜೀವಮಾನದಲ್ಲಿ ಐದೂವರೆ ಲಕ್ಷಕ್ಕೂ ಮಿಕ್ಕಿ ಪ್ರಾಣಿಪಕ್ಷಿಗಳನ್ನು ಹೊಡೆದು ಲೆಕ್ಕ ಬರೆದಿಟ್ಟ. ಕೊನೆಗೆ ಬೇಟೆಯ ಬಯಲಿನಲ್ಲಿಯೇ ಕುಸಿದು ಸತ್ತ. ನಮ್ಮ ಭರತಪುರದ ಜೌಗಿನಲ್ಲಿ 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್ಲಿತ್‌ಗೋ ಮತ್ತು ಅವನ ಅತಿಥಿಗಳು ಒಂದೇ ದಿನ ಉರುಳಿಸಿದ ಹಕ್ಕಿಗಳು 4,273. ಉಣ್ಣುವುದಕ್ಕಾಗಿ ಯಾರೂ ಇಷ್ಟು ಕೊಲ್ಲುವುದಿಲ್ಲ. ಇಲ್ಲಿ ಬೇಟೆಯೇ ಉಳಿದಿರಲಿಲ್ಲ, ಎಣಿಕೆ ಉಳಿದಿತ್ತು.

ಅಮೆರಿಕದ ಕಥೆ ಇನ್ನೂ ದಾರುಣ. ಹಾರಿದರೆ ಸೂರ್ಯನನ್ನೇ ಮರೆಮಾಡುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳಲ್ಲಿ ಕೊನೆಯದು, ಮಾರ್ಥಾ ಎಂಬ ಹೆಣ್ಣುಹಕ್ಕಿ, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಕೋಟ್ಯಂತರ ಸಂಖ್ಯೆಯಲ್ಲಿದ್ದ ಒಂದು ಜೀವಜಾತಿ ಕೆಲವೇ ದಶಕಗಳಲ್ಲಿ ನಿಶ್ಶೇಷವಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ನಿಧಾನದ ಕೋವಿ ಒಳ್ಳೆಯದು, ವೇಗದ ಕೋವಿ ಕೆಟ್ಟದು ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಸತ್ಯ ಅಷ್ಟು ಸರಳವಲ್ಲ. ಆ ಪಾರಿವಾಳಗಳನ್ನು ಕೋವಿಯಷ್ಟೇ ಬಲೆಯೂ ಮುಗಿಸಿತು. ಗುಂಪು ಇಳಿದ ತಾಣವನ್ನು ತಂತಿ ಸಾರಿತು, ಸತ್ತ ಹಕ್ಕಿಗಳನ್ನು ರೈಲು ಪೇಟೆಗೆ ಒಯ್ದಿತು, ಗೂಡು ಕಟ್ಟುವ ಕಾಡನ್ನು ಕೊಡಲಿ ಕಡಿಯಿತು. ಮಾರಿಷಸ್ಸಿನ ಡೋಡೊ ಹಕ್ಕಿ ಅಳಿದದ್ದು ಹದಿನೇಳನೆಯ ಶತಮಾನದಲ್ಲಿ, ತೋಟದ ಕೋವಿ ಹುಟ್ಟುವುದಕ್ಕೆ ಬಹಳ ಮೊದಲೇ. ಸರಿಯಾಗಿ ಹಾರದ ಈಡು ಹಕ್ಕಿಯನ್ನು ಕೊಲ್ಲದೆ ಬರಿದೆ ಗಾಯಗೊಳಿಸಿ ನರಳಿಸುವುದೂ ಉಂಟು. ಆದ್ದರಿಂದ ಸಂಯಮವು ಕೋವಿಯ ಒಳಗೆ ಇರುವುದಿಲ್ಲ. ಅಸಹಾಯಕತೆಯಿಂದ ಕಾಯುವುದು ಬೇರೆ, ತಿಳಿದು ಕಾಯುವುದು ಬೇರೆ. ಹದಿನೆಂಟನೆಯ ಶತಮಾನದ ಬೇಟೆಗಾರನು ಕಾದದ್ದು ಗತಿಯಿಲ್ಲದೆ. ಗತಿ ಸಿಕ್ಕೊಡನೆ ಅವನ ಮೊಮ್ಮಕ್ಕಳು ಸಾವಿರಗಟ್ಟಲೆ ಹೊಡೆದರು.

ಈ ಹಿನ್ನೆಲೆಯಲ್ಲಿಯೇ ಅಮೆರಿಕದ ಇಂದಿನ ಚಕಮಕಿ ಕೋವಿಯವರನ್ನು ನೋಡಬೇಕು. ಬಾಯಿಯಿಂದ ತುಂಬುವ ಹಳೆಯ ಕೋವಿಗಳ ಅಭಿಮಾನಿಗಳು 1933ರಲ್ಲಿ ಅಲ್ಲಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಇಂಡಿಯಾನ ರಾಜ್ಯದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರು ಅವರ ಕೂಟಗಳಿಗೆ ಹೆಸರಾಯಿತು. 1960ರ ದಶಕದಲ್ಲಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ವಾಲೆಸ್ ಗಸ್ಲರ್ ಎಂಬ ಕಮ್ಮಾರನು ಹದಿನೆಂಟನೆಯ ಶತಮಾನದ ಸಲಕರಣೆಗಳಿಂದಲೇ, ಕಬ್ಬಿಣದ ಪಟ್ಟಿಯನ್ನು ಬಡಿದು ನಳಿಗೆ ಮಾಡುವುದರಿಂದ ಹಿಡಿದು, ಒಂದು ಕೋವಿಯನ್ನು ಸಂಪೂರ್ಣವಾಗಿ ಕೈಯಿಂದ ತಯಾರಿಸಿ ತೋರಿಸಿದ; 1969ರಲ್ಲಿ ಅದರ ಚಲನಚಿತ್ರವೂ ಬಂದಿತು. 1976ರಲ್ಲಿ ಸ್ವಾತಂತ್ರ್ಯದ ದ್ವಿಶತಮಾನೋತ್ಸವದ ಉತ್ಸಾಹ ಸೇರಿ ಬಿಡಿಭಾಗಗಳ ‘ಕಿಟ್’ ಕೋವಿ ಜನಪ್ರಿಯವಾಯಿತು.

ಪೆಟ್ಟಿಗೆಯಲ್ಲಿ ಬರುವುದು ಒಂದು ನಳಿಗೆ, ಒಂದು ಲಾಕ್, ಟ್ರಿಗರ್, ಹಿತ್ತಾಳೆಯ ಕೆಲವು ತುಂಡುಗಳು, ಒರಟಾಗಿ ಕೆತ್ತಿದ ಮೇಪಲ್ ಅಥವಾ ವಾಲ್‌ನಟ್ ಮರದ ಹಿಡಿ. ಉಳಿದದ್ದೆಲ್ಲ ಕೈಕೆಲಸ. ಲೋಹವು ಮರದಲ್ಲಿ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು. ಅದಕ್ಕಾಗಿ ಲೋಹಕ್ಕೆ ದೀಪದ ಕಾಡಿಗೆ ಸವರಿ ಮರಕ್ಕೆ ಒತ್ತುತ್ತಾರೆ, ಎಲ್ಲಿ ಕಪ್ಪು ಹತ್ತಿತೋ ಅಲ್ಲಿ ಉಳಿಯಿಂದ ಚೂರು ಕೆತ್ತುತ್ತಾರೆ, ಮತ್ತೆ ಒತ್ತುತ್ತಾರೆ. ಹೀಗೆ ನೂರಾರು ಸಲ. ರಂಜಕದ ರಂಧ್ರ ಕೊರೆಯುವ ಜಾಗ ತುಸು ಹೆಚ್ಚುಕಡಮೆಯಾದರೂ ಈಡು ತಡವಾಗುತ್ತದೆ. ನಳಿಗೆಗೆ ಬಣ್ಣ ಬರಿಸುವುದಕ್ಕೆ ಬೇಕೆಂದೇ ತುಕ್ಕು ಹಿಡಿಸಿ, ಉಜ್ಜಿ, ಮತ್ತೆ ಹಿಡಿಸಿ ಕಂದುಬಣ್ಣದ ಹೊದಿಕೆ ಕಟ್ಟುತ್ತಾರೆ. ತುಕ್ಕಿನಿಂದಲೇ ತುಕ್ಕನ್ನು ತಡೆಯುವ ಹಳೆಯ ಜಾಣ್ಮೆ ಇದು.

ಸಾಮಾನ್ಯವಾಗಿ ಇದು 20 ಬೋರಿನ ಕೋವಿ. ಎಂದರೆ ಒಂದು ಪೌಂಡ್ ಸೀಸದಿಂದ ಅದರ ಬಾಯಿಗೆ ಸರಿಹೊಂದುವ 20 ಗುಂಡುಗಳಾಗುತ್ತವೆ. ನಾಲ್ಕೈದು ಗ್ರಾಮಿನಷ್ಟು ಮದ್ದು, ಒಂದು ಔನ್ಸಿನಷ್ಟು ಚರೆ. ನೇರ ನಳಿಗೆಯಾದ್ದರಿಂದ ಚರೆ ಬೇಗ ಚದರುತ್ತದೆ. 25–30 ಮೀಟರಿನಾಚೆಗೆ ಹೊಡೆಯುವುದು ನ್ಯಾಯವಲ್ಲ. ಹಾಗಾಗಿ ಟರ್ಕಿ ಕೋಳಿಯ ಬೇಟೆಗಾರನು ಮರದ ಬುಡದಲ್ಲಿ ಅಲುಗಾಡದೆ ಕುಳಿತು, ಹೇಂಟೆಯ ಕೂಗನ್ನು ಅನುಕರಿಸಿ, ಹುಂಜ ತಾನಾಗಿ ಸಮೀಪಿಸುವವರೆಗೆ ಗಂಟೆಗಟ್ಟಲೆ ಕಾಯುತ್ತಾನೆ. ಮಂಜು ಕವಿದರೆ ರಂಜಕವನ್ನು ಚೆಲ್ಲಿ ಹೊಸದು ಹಾಕುತ್ತಾನೆ. ಈಡು ಹಾರಿದ ಮೇಲೆ ಬಿಳಿಯ ಹೊಗೆ ಎಲ್ಲವನ್ನೂ ಮುಚ್ಚಿ, ಹಕ್ಕಿ ಬಿತ್ತೋ ಹಾರಿತೋ ತಿಳಿಯಲು ಇನ್ನೂ ಒಂದು ಕ್ಷಣ ಕಾಯಿಸುತ್ತದೆ. ಮದ್ದಿನ ಮಸಿ ಕಬ್ಬಿಣವನ್ನು ತಿನ್ನುವುದರಿಂದ ಅಂದು ಸಂಜೆಯೇ ನೀರಿನಿಂದ ತೊಳೆದು ಎಣ್ಣೆ ಸವರಬೇಕು. ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ನಿಷಿದ್ಧ. ಕೆರೆಯ ತಳಕ್ಕೆ ಬಿದ್ದ ಚರೆಯನ್ನು ಬಾತುಗಳು ಹರಳೆಂದು ನುಂಗಿ ವಿಷವೇರಿ ಸಾಯುತ್ತಿದ್ದುದೇ ಇದಕ್ಕೆ ಕಾರಣ. ಉಕ್ಕಿನ ಚರೆ ಮೆತ್ತನೆಯ ಹಳೆಯ ಮಾದರಿಯ ನಳಿಗೆಯನ್ನು ಕೆಡಿಸಬಹುದಾದ್ದರಿಂದ ಇವರಲ್ಲಿ ಅನೇಕರು ದುಬಾರಿಯಾದ ಬಿಸ್ಮತ್ ಚರೆಯನ್ನು ಬಳಸುತ್ತಾರೆ.

ನನಗೆ ಎಲ್ಲಕ್ಕಿಂತ ಮಹತ್ವದ್ದೆನಿಸಿರುವುದು ಪೆನ್ಸಿಲ್ವೇನಿಯ ರಾಜ್ಯದ ನಿಯಮ. ಅಲ್ಲಿ 1974ರಲ್ಲಿ ಚಕಮಕಿ ಕೋವಿಗೆಂದೇ ಜಿಂಕೆ ಬೇಟೆಯ ಪ್ರತ್ಯೇಕ ಋತುವೊಂದನ್ನು ಆರಂಭಿಸಿದರು. ಫೋರ್ಸೈತ್ ಪಾದ್ರಿ ಗಳಿಸಿಕೊಟ್ಟ ಕ್ಷಣವನ್ನು ಒಂದು ಸಮಾಜ ತಾನಾಗಿಯೇ ಹಿಂದಿರುಗಿಸಿದಂತಾಯಿತು. ಇದು ಅಸಹಾಯಕತೆಯಲ್ಲ, ಕೈಯಲ್ಲಿ ಶಕ್ತಿಯಿದ್ದೂ ಬೇಡವೆಂದದ್ದು. ನಿಧಾನವು ಗುಣವಾಗುವುದು ಆಗಲೇ.

ನಮ್ಮ ದೇಶ ಬೇರೆ ದಾರಿ ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು; 1991ರ ತಿದ್ದುಪಡಿ ಉಳಿದಿದ್ದ ಬೇಟೆಯ ಪರವಾನಗಿಗಳನ್ನೂ ತೆಗೆದುಹಾಕಿತು. ವೈಸ್‌ರಾಯರು ಹಕ್ಕಿಗಳ ರಾಶಿ ಹಾಕಿದ ಅದೇ ಭರತಪುರ 1985ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಜನದಟ್ಟಣೆಯೂ ಕಾಡಿನ ಕೊರತೆಯೂ ಇರುವ ನಮಗೆ ಈ ದಾರಿಯೇ ಸರಿಯೆಂದು ನನ್ನ ನಂಬಿಕೆ. ಆದರೂ ಎರಡು ದಾರಿಗಳ ತಿರುಳು ಒಂದೇ: ಮಾಡಬಲ್ಲೆನೆಂಬ ಒಂದೇ ಕಾರಣಕ್ಕೆ ಮಾಡಬಾರದು.

ಈ ಮಾತು ಕೋವಿಗಷ್ಟೇ ಸಂಬಂಧಿಸಿದ್ದಲ್ಲ. ಮನಸ್ಸಿಗೆ ಬಂದದ್ದು ಮರುಕ್ಷಣವೇ ಆಗಿಬಿಡಬೇಕೆಂಬ ಕಾಲ ಇದು. ಬೆರಳು ತಾಗಿದರೆ ಮಾತು ಊರೆಲ್ಲ ಹರಡುತ್ತದೆ, ಹಣ ಕೈಬಿಡುತ್ತದೆ. ಕುದುರೆ ಬಡಿಯುವುದಕ್ಕೂ ಈಡು ಹಾರುವುದಕ್ಕೂ ನಡುವಿನ ಆ ಸಣ್ಣ ಅಂತರದಲ್ಲಿ ಬಾತೊಂದು ಮುಳುಗಿ ಬದುಕಿಕೊಳ್ಳುತ್ತಿತ್ತು. ಅಂಥ ಅಂತರವನ್ನು ಇಂದು ಯಾವ ಯಂತ್ರವೂ ನಮಗೆ ಕೊಡಲಾರದು. ಬೇಕಿದ್ದರೆ ನಾವೇ ಇಟ್ಟುಕೊಳ್ಳಬೇಕು.